ಸುವಾಸನೆಯ ಆಲಿವ್ ಎಣ್ಣೆ: ಸ್ಯಾಂಡ್‌ವಿಚ್‌ಗೋ, ಕೆಂಡದ ಮಾಂಸಕ್ಕೋ?

ವಿರಾಜಪೇಟೆ ಅತ್ತೆ: ಬೆಂಗಳೂರಿನ ಸೊಸೆ ಆಲಿವ್ ಎಣ್ಣೆ ತಂದಿದ್ದಾಳೆ, ಒಂದು ಬೆಳ್ಳುಳ್ಳಿಯದು, ಇನ್ನೊಂದು ನಿಂಬೆಯದು. ಏಪ್ರಿಲ್ ರಜೆಗೆ ಮೊಮ್ಮಕ್ಕಳು ತೋಟಕ್ಕೆ ಬರುತ್ತಾರೆ. ಅಂಗಳದಲ್ಲಿ ಕೆಂಡ ಮಾಡಿ ಕೋಳಿ, ಹಂದಿಮಾಂಸ ಸುಡುವ ಯೋಚನೆಯಿದೆ. ಈ ದುಬಾರಿ ಎಣ್ಣೆಯನ್ನು ಎಲ್ಲಿ ಬಳಸಲಿ?

ಮಡಿಕೇರಿ ಅಡುಗೆಯವಳು: ಅಕ್ಕಾ, ಕೆಂಡದ ಮೇಲಿರುವಾಗ ಸವರಬೇಡಿ. ಎಕ್ಸ್‌ಟ್ರಾ ವರ್ಜಿನ್, ಅಂದರೆ ಶುದ್ಧೀಕರಿಸದೆ ಹಿಂಡಿ ತೆಗೆದ ಆಲಿವ್ ಎಣ್ಣೆ ಸುಮಾರು 190ರಿಂದ 210 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊಗೆಯಾಡುತ್ತದೆ. ಪರಿಮಳ ಅದಕ್ಕೂ ಮೊದಲೇ ಹಾರಿಹೋಗುತ್ತದೆ. ಕೋಳಿಯನ್ನು ಇಳಿಸಿದ ಮೇಲೆ ನಿಂಬೆಯದನ್ನು ಒಂದು ಚಮಚ ಹಾಕಿ. ಹಂದಿಗೆ ನಮ್ಮ ಕೊಡಗಿನ ಹುಳಿರಸ ಕಾಚಂಪುಳಿ, ಕರಿಮೆಣಸು ಸಾಕು. ಅಲ್ಲಿ ಯಾವ ಬಾಟಲಿಗೂ ಕೆಲಸವಿಲ್ಲ! ಬೆಳ್ಳುಳ್ಳಿಯದು ಸ್ಯಾಂಡ್‌ವಿಚ್‌ಗೆ ಇರಲಿ. ಬೆಣ್ಣೆಯ ಬದಲು ಬ್ರೆಡ್ಡಿಗೆ ತೆಳುವಾಗಿ ಸವರಿ, ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಗರಿಯಾಗಿಸಿ, ಬೇಯಿಸಿದ ಮೊಟ್ಟೆ, ಟೊಮೆಟೊ ಇಡಿ.

ಸೋಮವಾರಪೇಟೆ ತೋಟಗಾರ: ಬೆಳ್ಳುಳ್ಳಿ, ಗಾಂಧಾರಿ ಮೆಣಸು ಹಾಕಿ ಮನೆಯಲ್ಲೇ ಮಾಡಬಹುದಲ್ಲ? ಇಷ್ಟು ಹಣ ಏಕೆ?

ಮಡಿಕೇರಿ ಅಡುಗೆಯವಳು: ಚೆನ್ನಾಗಿ ಒಣಗಿದ ಮೆಣಸಾದರೆ ಮಾಡಿ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟರೆ ಬೊಟುಲಿಸಂ ಎಂಬ ಪ್ರಾಣಾಪಾಯದ ಕಾಯಿಲೆ ತರುವ ವಿಷ ಹುಟ್ಟಬಹುದು, ವಾಸನೆಯಿಂದ ಅದು ತಿಳಿಯುವುದೂ ಇಲ್ಲ. ಬೆಳ್ಳುಳ್ಳಿಯದನ್ನು ಮಾಡಿದರೆ ಫ್ರಿಜ್‌ನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ.

ವಿರಾಜಪೇಟೆ ಅತ್ತೆ: ಸರಿ, ಹಂದಿಮಾಂಸದ ಹತ್ತಿರ ಎಣ್ಣೆ ಬಾಟಲಿ ಹಿಡಿದ ಸೊಸೆಯನ್ನು ಬಿಡುವುದಿಲ್ಲ.