ಉಣಗೋಲು, ಓಣಿ, ಕಲ್ಲಜ್ಜ: ಜೇಜು ದ್ವೀಪದ ಬಗ್ಗೆ ಬರೆಯಲು ಪದ ಬೇಕು

ಎಲ್ಲರಿಗೂ ನಮಸ್ಕಾರ.

ದಕ್ಷಿಣ ಕೊರಿಯಾದ ಜೇಜು ದ್ವೀಪ ನೋಡಲು ಹೋಗುವ ಕನ್ನಡಿಗರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಏನೇನು ನೋಡಬಹುದು, ಅಲ್ಲಿನವರು ಹೇಳುವ ಕಥೆಗಳೇನು, ನಡವಳಿಕೆ ಏನು, ಅಷ್ಟೇ. ಕೆಲವು ಪದಗಳ ಹತ್ತಿರ ಬರವಣಿಗೆ ನಿಂತಿದೆ. ಮುಖ್ಯವಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಮಲೆನಾಡಿನವರು ಹೇಳುವ ಉಣಗೋಲು ಮತ್ತು ದಣಪೆ ಎರಡೂ ಒಂದೇನಾ? ಬೇರೆ ಅಂದರೆ, ಕಂಬದ ತೂತಿಗೆ ಅಡ್ಡಕೋಲು ತೂರಿಸುವುದಕ್ಕೆ ಯಾವುದು ಸರಿ?

ಯಾಕೆ ಕೇಳುತ್ತಿದ್ದೇನೆ ಅಂದರೆ, ಜೇಜುವಿನ ಹಳೆಯ ಮನೆಗಳಿಗೆ ಗೇಟು ಇಲ್ಲ. ಅಂಗಳಕ್ಕೆ ಹೋಗುವಲ್ಲಿ ಎಡಕ್ಕೊಂದು ಬಲಕ್ಕೊಂದು ಗಿಡ್ಡ ಕಲ್ಲುಕಂಬ. ಎರಡರಲ್ಲೂ ಒಂದರ ಮೇಲೊಂದು ಮೂರು ತೂತು. ಆ ತೂತುಗಳಿಗೆ ಅಡ್ಡಡ್ಡ ಮೂರು ಮರದ ಕೋಲು. ಇದಕ್ಕೆ ಅಲ್ಲಿ ಜೊಂಗ್‌ನಾಂಗ್ ಎನ್ನುತ್ತಾರೆ. ಸೊಂಗುಪ್ ಎಂಬ ಹಳೆಯ ಹಳ್ಳಿಯಲ್ಲಿ ಹುಲ್ಲು ಹೊದಿಸಿದ ಮನೆಗಳ ಮುಂದೆ ಈಗಲೂ ನೋಡಲು ಸಿಗುತ್ತದೆ. ಕಲ್ಲು ಕಪ್ಪು, ಮುಟ್ಟಿದರೆ ತರಿತರಿ. ಲಾವಾ ಆರುವಾಗ ಒಳಗೆ ಸಿಕ್ಕಿಕೊಂಡ ಗುಳ್ಳೆಗಳ ಗುರುತು ಮೈತುಂಬಾ ಇರುತ್ತದೆ. ಕೋಲು ಕೂರುವ ತೂತಿನ ಅಂಚು ಮಾತ್ರ ಉಜ್ಜಿ ಉಜ್ಜಿ ನುಣ್ಣಗಾಗಿರುತ್ತದೆ.

ಬಿಟ್ಟ ದನ, ಕುದುರೆ ಅಂಗಳಕ್ಕೆ ನುಗ್ಗಬಾರದು ಅಂತ ಮಾಡಿದ್ದು ಇದು. ನಮ್ಮ ಉಣಗೋಲಿನ ಕೆಲಸವೂ ಅದೇ ಅಲ್ವಾ? ಆದರೆ ಜೇಜುವಿನಲ್ಲಿ ಅದು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಮೂರೂ ಕೋಲು ಕೆಳಗಿದ್ದರೆ ಮನೆಯಲ್ಲಿ ಜನ ಇದ್ದಾರೆ, ಬನ್ನಿ ಅಂತ. ಒಂದು ಹಾಕಿದ್ದರೆ ಇಲ್ಲೇ ಎಲ್ಲೋ ಹೋಗಿದ್ದಾರೆ, ಈಗ ಬರುತ್ತಾರೆ. ಎರಡು ಹಾಕಿದ್ದರೆ ಸ್ವಲ್ಪ ದೂರ ಹೋಗಿದ್ದಾರೆ, ತಡ ಆಗುತ್ತದೆ. ಮೂರೂ ಹಾಕಿದ್ದರೆ ಊರಲ್ಲೇ ಇಲ್ಲ. ಪಕ್ಕದ ಮನೆಯವರು ಅದನ್ನು ನೋಡಿಕೊಂಡು ದನಕ್ಕೆ ಹುಲ್ಲು ಹಾಕುವುದೋ, ಮನೆಯ ಮೇಲೆ ಕಣ್ಣಿಡುವುದೋ ಮಾಡುತ್ತಿದ್ದರಂತೆ.

ಇದನ್ನು 'ಅಡ್ಡಗಂಬಿಗಳ ಪ್ರವೇಶದ್ವಾರ' ಅಂತ ಬರೆದರೆ ಓದುವವರಿಗೆ ರೈಲ್ವೆ ಗೇಟು ಕಾಣುತ್ತದೆ. ಉಣಗೋಲು ಅಂದರೆ ಮಲೆನಾಡಿನವರಿಗೆ ತಕ್ಷಣ ಗೊತ್ತಾಗುತ್ತದೆ. ಪದದೊಳಗೇ ಕೋಲು ಕೂತಿದೆ. 'ಉಣಗೋಲು ಸರಿಸಿ ಒಳಗೆ ಬಂದರು' ಅನ್ನುವ ಮಾತೂ ಸಿದ್ಧವಾಗಿದೆ. ಬಯಲುಸೀಮೆಯವರಿಗೆ ಒಂದು ಸಾಲು ವಿವರಿಸಿದರಾಯಿತು. ತಡಮೆಯನ್ನು ಬೇಕೆಂದೇ ಬಿಟ್ಟಿದ್ದೇನೆ. ಅದನ್ನು ಹತ್ತಿ ದಾಟುತ್ತೇವೆ, ಸರಿಸುವುದಿಲ್ಲ. ಇನ್ನೊಂದು ಸಣ್ಣ ಕುತೂಹಲ: ಉಣಗೋಲು ಹಾಕಿರುವುದನ್ನು ನೋಡಿಯೇ 'ಮನೆಯವರು ಇಲ್ಲ' ಅಂತ ಹಿಂದಿರುಗುವ ರೂಢಿ ನಿಮ್ಮೂರಲ್ಲಿ ಇತ್ತಾ? ಇದ್ದರೆ ದಯವಿಟ್ಟು ಊರಿನ ಹೆಸರು ಹೇಳಿ ಬರೆಯಿರಿ.

ಇದರ ಜೊತೆಗೇ ಇನ್ನೊಂದು ಬರುತ್ತದೆ. ಜೇಜುವಿನಲ್ಲಿ ಮೂರು ಜಾಸ್ತಿ, ಮೂರು ಇಲ್ಲ ಅಂತ ಒಂದು ಮಾತಿದೆ. ಕಲ್ಲು, ಗಾಳಿ, ಹೆಂಗಸರು ಜಾಸ್ತಿ. ಕಳ್ಳರು, ಭಿಕ್ಷುಕರು ಇಲ್ಲ. ಮೂರನೆಯದಾಗಿ ಇಲ್ಲದಿರುವುದನ್ನು 'ಬಾಗಿಲು' ಅಂತ ಬರೆದರೆ ಪೂರಾ ತಪ್ಪು ಅರ್ಥ. ಬಾಗಿಲು ಇಲ್ಲದ ಮನೆಯಲ್ಲಿ ಆ ಗಾಳಿಗೆ ಯಾರು ಮಲಗಲು ಸಾಧ್ಯ? ಕೊರಿಯನ್ನರು ಹೇಳುವ ಪದಕ್ಕೆ ನೇರ ಅರ್ಥ ದೊಡ್ಡ ಬಾಗಿಲು, ಅಂದರೆ ನಮ್ಮ ಹೆಬ್ಬಾಗಿಲು. ಹಾಗಾಗಿ 'ಕಳ್ಳರಿಲ್ಲ, ಭಿಕ್ಷುಕರಿಲ್ಲ, ಹೆಬ್ಬಾಗಿಲಿಲ್ಲ' ಅಂತ ಹಾಕಿದ್ದೇನೆ. ಇದರಲ್ಲಿ ನನಗೆ ಅನುಮಾನ ಇಲ್ಲ.

ಉಣಗೋಲು ತನಕ ಹೋಗುವ ಕಿರುದಾರಿಗೆ ಬರೋಣ. ಬೀದಿಯಿಂದ ಮನೆಯವರೆಗೆ ಎರಡೂ ಕಡೆ ಕಪ್ಪು ಕಲ್ಲಿನ ಗೋಡೆ, ನಡುವೆ ಒಬ್ಬರೋ ಇಬ್ಬರೋ ನಡೆಯುವಷ್ಟು ಜಾಗ. ನೆಟ್ಟಗೆ ಇರುವುದಿಲ್ಲ, ಬೇಕಂತಲೇ ಬಳಸಿ ಬರುತ್ತದೆ. ಕಡಲ ಗಾಳಿ ನೇರವಾಗಿ ಮನೆಗೆ ಹೊಡೆಯಬಾರದು ನೋಡಿ. ಗೋಡೆಗೆ ಮಣ್ಣು, ಗಾರೆ ಏನೂ ಇಲ್ಲ. ಕಲ್ಲಿನ ಮೇಲೆ ಕಲ್ಲು ಇಟ್ಟಿದ್ದಾರೆ, ಸಂದುಗಳಲ್ಲಿ ಗಾಳಿ ಹಾದುಹೋಗುತ್ತದೆ, ಅದಕ್ಕೇ ಬೀಳುವುದಿಲ್ಲ. ಈ ದಾರಿಯ ಹೆಸರು ಒಲ್ಲೆ. 2007ರಲ್ಲಿ ಶುರುವಾಗಿ ಈಗ ದ್ವೀಪವನ್ನೆಲ್ಲ ಸುತ್ತುವ ಕಾಲುದಾರಿಗೂ ಇದೇ ಹೆಸರು. ಕನ್ನಡದಲ್ಲಿ 'ಒಲ್ಲೆ ಹಾದಿ' ಅಂತ ಬರೆದರೆ 'ಬೇಡ' ಅಂದ ಹಾಗೆ ಕೇಳುತ್ತದೆ. ಕಾಲುದಾರಿಯ ಹೆಸರನ್ನು ಬದಲಿಸುವ ಹಾಗಿಲ್ಲ, ಬೋರ್ಡಿನಲ್ಲಿ ಇರುವುದೇ ಅದು. ಅದನ್ನು 'ಜೇಜು ಒಲ್ಲೆ' ಅಂತ ಜೋಡಿಸಿಯೇ ಬರೆಯುತ್ತೇನೆ. ಮನೆಯ ಮುಂದಿನ ದಾರಿಗೆ ಮಾತ್ರ ಓಣಿ ಅನ್ನಬೇಕು ಅಂತಿದ್ದೇನೆ. ಕರಾವಳಿ, ಮಲೆನಾಡಿನ ಓಣಿ ಹೆಚ್ಚುಕಡಿಮೆ ಹೀಗೇ ಇರುತ್ತದೆ. ತೊಡಕು ಇರುವುದು ಧಾರವಾಡದ ಕಡೆ. ಅಲ್ಲಿ ಓಣಿ ಅಂದರೆ ಹತ್ತಿಪ್ಪತ್ತು ಮನೆಗಳಿರುವ ಕೇರಿ. 'ಮನೆಯ ಓಣಿ' ಅಂದರೆ ಅವರಿಗೆ ಗೊಂದಲ ಆಗುತ್ತದಾ? ಆ ಕಡೆಯವರೇ ಹೇಳಬೇಕು.

ಇನ್ನು ಅಜ್ಜ ಅಜ್ಜಿಯರ ವಿಷಯ. ಇದು ನನಗೆ ತುಂಬಾ ಇಷ್ಟವಾದ ಭಾಗ.

ಜೇಜುವಿನ ಗುರುತಾಗಿರುವ ಕಲ್ಲುಮೂರ್ತಿಗಳನ್ನು ನೀವು ಫೋಟೋದಲ್ಲಾದರೂ ನೋಡಿರುತ್ತೀರಿ. ಗುಂಡು ಟೋಪಿ, ಉಬ್ಬುಗಣ್ಣು, ದಪ್ಪ ಮೂಗು, ಹೊಟ್ಟೆಯ ಮೇಲೆ ಎರಡು ಕೈ. ಹಿಂದೆ ಇವು ಕೋಟೆ ಇದ್ದ ಮೂರು ಪಟ್ಟಣಗಳ ಬಾಗಿಲ ಹೊರಗೆ ನಿಂತಿದ್ದವು. ಮೂಗು ಮುಟ್ಟಿದರೆ ಗಂಡುಮಗು ಆಗುತ್ತದೆ ಅಂತ ನಂಬಿಕೆ. ಹೆಸರು ದೊಲ್ ಹರುಬಾಂಗ್. ದೊಲ್ ಅಂದರೆ ಕಲ್ಲು, ಹರುಬಾಂಗ್ ಅಂದರೆ ಜೇಜು ಮಾತಿನಲ್ಲಿ ಅಜ್ಜ. ಕಲ್ಲಜ್ಜ! ಇದಕ್ಕಿಂತ ಚೆನ್ನಾದ ಪದ ಬೇಕಿಲ್ಲ. 'ಶಿಲಾಪಿತಾಮಹ' ಅಂತ ಮಾತ್ರ ಯಾರೂ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಅಜ್ಜ ಸಲೀಸಾಗಿ ಬಂದ. ಅಜ್ಜಿ ಬರುತ್ತಿಲ್ಲ. ಜೇಜು ಮಾತಿನಲ್ಲಿ ಹಲ್ಮಾಂಗ್ ಅಂದರೆ ಅಜ್ಜಿ. ದೇವತೆಗೂ ಅದೇ ಪದ. ದ್ವೀಪವನ್ನು ಮಾಡಿದವಳು ಸೊಲ್‌ಮುಂದೆ ಹಲ್ಮಾಂಗ್ ಎಂಬ ದೈತ್ಯ ಅಜ್ಜಿ. ಉಡಿಯಲ್ಲಿ ಮಣ್ಣು ತುಂಬಿಕೊಂಡು ತಂದು ಸುರಿದಳು, 1,947 ಮೀಟರ್ ಎತ್ತರದ ಹಲ್ಲಾ ಬೆಟ್ಟ ಆಯಿತು. ಬಟ್ಟೆಯಲ್ಲಿ ತೂತುಗಳಿದ್ದವು. ದಾರಿಯುದ್ದಕ್ಕೂ ಉದುರಿದ ಮಣ್ಣು ಗುಡ್ಡಗಳಾದವು. ಅಂಥ ಗುಡ್ಡಗಳು ದ್ವೀಪದಲ್ಲಿ 360ಕ್ಕೂ ಹೆಚ್ಚಿವೆ. ನೂರು ಹೊರೆ ರೇಷ್ಮೆಯಲ್ಲಿ ನನಗೊಂದು ಒಳಲಂಗ ಹೊಲಿಸಿಕೊಡಿ, ಆಚೆ ನಾಡಿಗೆ ಸೇತುವೆ ಕಟ್ಟಿಕೊಡುತ್ತೇನೆ ಅಂದಳಂತೆ. ಜನ ಎಷ್ಟು ಒದ್ದಾಡಿದರೂ 99 ಹೊರೆಗೆ ನಿಂತಿತು. ಸೇತುವೆ ಆಗಲೇ ಇಲ್ಲ. ಇನ್ನೊಂದು ಕಥೆಯಲ್ಲಿ ಅವಳಿಗೆ ಐನೂರು ಗಂಡುಮಕ್ಕಳು. ಬರಗಾಲದಲ್ಲಿ ಅವರಿಗೆ ಗಂಜಿ ಕಾಯಿಸುವಾಗ ಅವಳೇ ಹಂಡೆಗೆ ಬಿದ್ದುಬಿಡುತ್ತಾಳೆ. ಹಸಿದು ಬಂದ ಮಕ್ಕಳು ಗೊತ್ತಿಲ್ಲದೆ ಗಂಜಿ ಉಣ್ಣುತ್ತಾರೆ. ಕೊನೆಯವನಿಗೆ ತಳದಲ್ಲಿ ಮೂಳೆ ಸಿಗುತ್ತದೆ. ಅವನು ದೂರ ಹೋಗಿ ಚಾಗ್ವಿದೊ ಎಂಬ ಪುಟ್ಟ ದ್ವೀಪದಲ್ಲಿ ಕಲ್ಲಾದ, ಉಳಿದವರು ಹಲ್ಲಾ ಬೆಟ್ಟದ ಯೊಂಗ್‌ಸಿಲ್ ಕಣಿವೆಯಲ್ಲಿ ಅಳುತ್ತಾ ಕಲ್ಲಾದರು. ಬೆಟ್ಟ ಹತ್ತುವವರಿಗೆ ಆ ಕಲ್ಲುಗಳ ಸಾಲು ಕಾಣುತ್ತದೆ.

ಅವಳು ಮಣ್ಣು ಹೊತ್ತದ್ದಕ್ಕೆ ಮಡಿಲು, ಸೆರಗು, ಉಡಿ ಮೂರನ್ನೂ ಹಾಕಿ ನೋಡಿದೆ. ಮಡಿಲು ಅಂದರೆ ತೂತು ಬೀಳುವ ಹಾಗಿಲ್ಲ. ಸೆರಗು ಅಂದರೆ ಸೀರೆ ಉಡಿಸಿದ ಹಾಗಾಗುತ್ತದೆ. ಉಡಿ ನಿಂತಿತು. ಆದರೆ ಅವಳನ್ನು ಏನಂತ ಕರೆಯಲಿ? ನಮ್ಮಲ್ಲಿ ದೇವತೆ ಅಂದರೆ ಅಮ್ಮ, ಅವ್ವ. ಮಾರಮ್ಮ, ಎಲ್ಲವ್ವ. ಅಜ್ಜ ಅಂತ ಕೈಮುಗಿಯುವುದೂ ಇದೆ, ಕೊರಗಜ್ಜ ಇದ್ದಾನೆ, ಉಕ್ಕಡಗಾತ್ರಿಯ ಅಜ್ಜಯ್ಯ ಇದ್ದಾರೆ. 'ಅಜ್ಜಿ' ಅಂತ ಬರೀ ಬಿಟ್ಟರೆ ಕಾಗಕ್ಕ ಗುಬ್ಬಕ್ಕನ ಕಥೆ ಹೇಳುವ ಅಜ್ಜಿ ಆಗುತ್ತಾಳೆ, ಭಯಭಕ್ತಿ ಬರುವುದಿಲ್ಲ. 'ಅಮ್ಮ' ಅಂದರೆ ಜೇಜುವಿನವರ ಸಲುಗೆ ಹೋಗುತ್ತದೆ. ಸದ್ಯಕ್ಕೆ ಅಜ್ಜಮ್ಮ ಅಂತ ಇಟ್ಟಿದ್ದೇನೆ. ಎರಡನೇ ಚಾಂದ್ರಮಾಸದ ಮೊದಲ ದಿನ ಬಂದು ಕಡಲಲ್ಲಿ ಬೀಜ ಬಿತ್ತಿ, ಹದಿನೈದನೇ ದಿನ ಹೊರಟುಹೋಗುವ ಗಾಳಿದೇವತೆ ಒಬ್ಬಳಿದ್ದಾಳೆ. ಅವಳೂ ಹಲ್ಮಾಂಗ್. ಅವಳನ್ನು ಕರೆದು ಕಳಿಸುವ ಆಚರಣೆ 2009ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. 'ಗಾಳಿಯಜ್ಜಮ್ಮ' ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಕರ್ನಾಟಕದಲ್ಲಿ ಎಲ್ಲಾದರೂ ದೇವತೆಯನ್ನೇ ಅಜ್ಜಿ ಅಂತ ಕರೆದು ಪೂಜೆ ಮಾಡುವ ಊರಿದ್ದರೆ ನನ್ನ ಅರ್ಧ ಕಷ್ಟ ತೀರುತ್ತದೆ.

ಅಲ್ಲಿ ಪೂಜೆ ಮಾಡಿಸುವವರು ದೇವರು ಹುಟ್ಟಿ ಬಂದ ಕಥೆಯನ್ನು ಹಾಡುತ್ತಾರೆ. ಅದಕ್ಕೆ 'ಪಾಡ್ದನದಂಥ ಹಾಡು' ಅಂತ ಬರೆದಿದ್ದೇನೆ. ತುಳುವರು ಒಪ್ಪುತ್ತೀರಾ?

ನೆಲ, ಕಲ್ಲಿನ ಪದಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 'ಜ್ವಾಲಾಮುಖಿ ದ್ವೀಪ' ಅಂದರೆ ಜನ ಈಗಲೂ ಬೆಂಕಿ ಉಗುಳುತ್ತಿದೆ ಅಂದುಕೊಳ್ಳುತ್ತಾರೆ. ಹಳೆಯ ದಾಖಲೆಗಳಲ್ಲಿ ಇಲ್ಲಿ ಕೊನೆಗೆ ಬೆಂಕಿ ಎದ್ದದ್ದು 1002 ಮತ್ತು 1007ರಲ್ಲಿ. ಅದಕ್ಕೆ 'ಲಾವಾದಿಂದ ಆದ ದ್ವೀಪ' ಅಂತ ಬಿಡಿಸಿ ಬರೆದಿದ್ದೇನೆ. ಲಾವಾ ಹರಿಯುವಾಗ ಮೇಲ್ಮೈ ಆರಿ ಗಟ್ಟಿಯಾಗುತ್ತದೆ, ಒಳಗಿನದು ಹರಿದು ಖಾಲಿಯಾಗುತ್ತದೆ, ಉದ್ದ ಪೊಳ್ಳು ಉಳಿಯುತ್ತದೆ. ಮಂಜಾಂಗ್ ಎಂಬಲ್ಲಿ ಅಂಥದ್ದು ಏಳು ಕಿಲೋಮೀಟರಿಗೂ ಉದ್ದ ಇದೆ. ಇದಕ್ಕೆ ಸುರಂಗ ಬೇಡ. ನಮ್ಮಲ್ಲಿ ಸುರಂಗ ಅಂದರೆ ಮನುಷ್ಯರು ಕೊರೆದದ್ದು. ಗವಿ ಸರಿ. ಕಡಲ ದಡದಲ್ಲಿ ಆರು ಮೂಲೆಯ ಕಂಬಗಳಾಗಿ ಸೀಳಿ ನಿಂತ ಲಾವಾ ಬಂಡೆಗೆ ಕಂಬಗಲ್ಲು. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಸೇಂಟ್ ಮೇರೀಸ್ ದ್ವೀಪ ನೋಡಿದವರಿಗೆ ಇದನ್ನು ವಿವರಿಸುವುದೇ ಬೇಡ. ಅಲ್ಲಿರುವುದೂ ಲಾವಾ ಆರಿ ಆದ ಕಂಬಗಳೇ. ಗುಡ್ಡಗಳಿಗೆ ಅಲ್ಲಿನ ಹೆಸರು ಒರುಮ್. ಮರಡಿ ಅಂದರೆ ಬರೀ ಕಲ್ಲು ಕಾಣುತ್ತದೆ, ಇವು ಹುಲ್ಲಿನ ಗುಡ್ಡಗಳು, ತುಂಬಾ ಕಡೆ ನೆತ್ತಿಯಲ್ಲಿ ಬಟ್ಟಲಿನ ಹಾಗೆ ತಗ್ಗು ಇರುತ್ತದೆ. ಒರುಮ್ ಅಂತಲೇ ಬಿಟ್ಟಿದ್ದೇನೆ.

ಕೊನೆಯದು, ಕಡಲಿಗೆ ಮುಳುಗುವ ಹೆಂಗಸರು. ಹೆನ್ಯೊ ಅಂದರೆ ಕಡಲ ಹೆಂಗಸು. ಆಮ್ಲಜನಕದ ಸಿಲಿಂಡರ್ ಇಲ್ಲದೆ ಹತ್ತು ಮೀಟರಿನಷ್ಟು ಕೆಳಗಿಳಿದು ಚಿಪ್ಪಿನ ಜೀವಿಗಳನ್ನು, ಕಡಲ ಸೊಪ್ಪನ್ನು ತರುತ್ತಾರೆ. 2016ರಲ್ಲಿ ಇವರ ಬದುಕೂ ಯುನೆಸ್ಕೊ ಪಟ್ಟಿಗೆ ಸೇರಿತು. 'ಕಡಲಕನ್ಯೆಯರು' ಅನ್ನುವುದು ಬೇಡ. ಹೆಚ್ಚಿನವರಿಗೆ 70 ದಾಟಿದೆ, ಮಾಡುತ್ತಿರುವುದು ದುಡಿಮೆ. ವಯಸ್ಸಾದವರಿಗಂತ ದಡದ ಹತ್ತಿರದ ಆಳವಿಲ್ಲದ ನೀರನ್ನು ಬಿಟ್ಟುಕೊಡುವ ಊರುಗಳಿವೆ. ಅದಕ್ಕೆ ಹಲ್ಮಾಂಗ್ ಬದಾಂಗ್ ಎನ್ನುತ್ತಾರೆ, ಅಜ್ಜಿಯರ ಕಡಲು. ಇಲ್ಲಿ ಮಾತ್ರ ಅಜ್ಜಿ ಅನ್ನುವ ಪದ ಹಾಗೇ ಕೂರುತ್ತದೆ.

ಸೊಂಗ್‌ಸಾನ್ ಗುಡ್ಡದ ಬುಡದಲ್ಲಿ ಇವರು ಮುಳುಗುವುದನ್ನು ಪ್ರವಾಸಿಗರು ನೋಡಬಹುದು. ನೀರಿನ ಮೇಲೆ ಕಿತ್ತಳೆ ಬಣ್ಣದ, ಸೋರೆಬುರುಡೆಯಂಥ ತೇಲು, ಅದಕ್ಕೆ ಕಟ್ಟಿದ ಬಲೆಚೀಲ. ಹೆಂಗಸು ತಲೆ ಕೆಳಗೆ ಮಾಡಿ ಇಳಿಯುತ್ತಾಳೆ, ಕಾಲೆರಡು ಒಂದು ಸಲ ಮೇಲೆ ಕಂಡು ಮರೆಯಾಗುತ್ತವೆ. ಒಂದು ನಿಮಿಷದಷ್ಟು ಏನೂ ಇಲ್ಲ. ಆಮೇಲೆ ತೇಲಿನ ಪಕ್ಕ ತಲೆ ಎದ್ದು, ಹಿಡಿದಿಟ್ಟ ಉಸಿರು ಒಮ್ಮೆಗೇ ಹೊರಬರುತ್ತದೆ. 'ಹೂ... ಯಿ' ಅಂತ ಸಣ್ಣಗೆ, ಚೂಪಾಗಿ. ದಡದವರೆಗೂ ಕೇಳುತ್ತದೆ. ಇದಕ್ಕೆ ಸುಮ್‌ಬಿಸೊರಿ ಎನ್ನುತ್ತಾರೆ. ಸುಮ್ ಅಂದರೆ ಉಸಿರು, ಸೊರಿ ಅಂದರೆ ಸದ್ದು.

ಇದಕ್ಕೆ ನನಗೆ ಪದ ಸಿಕ್ಕಿಲ್ಲ. ನಿಟ್ಟುಸಿರು ಅಂದರೆ ಬಿಡಿಸಿ ನೋಡಿದರೆ ಉದ್ದ ಉಸಿರೇ. ಆದರೆ ಬಳಕೆಯಲ್ಲಿ ಅದು ದುಃಖದ್ದು, ಇಲ್ಲವೇ ಸದ್ಯ ಬಚಾವಾದೆ ಅನ್ನುವಾಗಿನದು. ಏದುಸಿರು ಓಡಿ ಬಂದವರದು. ಸಿಳ್ಳೆ ಅಂದರೆ ಬೇಕೆಂದು ಹೊಡೆಯುವುದು, ಇದು ಬೇಕೆಂದು ಮಾಡುವ ಸದ್ದಲ್ಲ. ಹಳಗನ್ನಡದಲ್ಲಿ ಸುಯ್ ಇದೆ. ನಿಡುಸುಯ್, ಬಿಸುಸುಯ್ ಎಲ್ಲ ಅದರಿಂದ ಬಂದವು. ಈಗಲೂ ಗಾಳಿ ಸುಯ್ಯನೆ ಬೀಸಿತು ಅನ್ನುತ್ತೇವೆ. 'ಸುಯ್ಯುಸಿರು' ಅಂತ ಮಾಡಿದರೆ ಸದ್ದೂ ಬಂತು, ಉಸಿರೂ ಬಂತು. ಆದರೆ ಇದು ನಾನು ಜೋಡಿಸಿದ ಪದ. ಯಾರ ಬಾಯಲ್ಲೂ ಇಲ್ಲದ ಪದವನ್ನು ಕೈಪಿಡಿಗೆ ಹಾಕಲು ಮನಸ್ಸಿಲ್ಲ.

ಕೆರೆ, ಬಾವಿ, ಹೊಳೆಯಲ್ಲಿ ಮುಳುಗಿ ಬಿದ್ದ ಕೊಡ, ಚೊಂಬು ತೆಗೆದುಕೊಡುತ್ತಿದ್ದವರು ಎಲ್ಲ ಊರಲ್ಲೂ ಇದ್ದರು. ಅವರು ನೀರಿಂದ ತಲೆ ಎತ್ತಿದ ಕೂಡಲೇ ಬಿಡುವ ಆ ಉಸಿರಿಗೆ ನಿಮ್ಮ ಕಡೆ ಏನನ್ನುತ್ತಾರೆ? ಪದ ಒಂದೇ ಸಾಲದು, ಅದನ್ನು ಹೇಳುವ ಒಂದು ವಾಕ್ಯ ಮತ್ತು ಊರು ಅಥವಾ ತಾಲ್ಲೂಕಿನ ಹೆಸರನ್ನೂ ಬರೆದರೆ ತುಂಬಾ ಉಪಕಾರ.