ಪದಚರ್ಚೆ: ಮೊಬೈಲಿಗೆ ಸಿಕ್ಕಿಸುವ ಹಳೇ ಮಾದರಿಯ ರಿಸೀವರನ್ನು ‘ಇಡುವುದು’ ಸರಿಯೇ?

ಕೇಳಿಕೆ:

ಲ್ಯಾಂಡ್‌ಲೈನ್ ರಿಸೀವರಿನ ಆಕಾರದ, ಸುರುಳಿ ವೈರಿನ ತುದಿಯಲ್ಲಿ ಮೊಬೈಲಿಗೆ ಸಿಕ್ಕಿಸುವ ಪಿನ್ ಇರುವ ಸಾಧನ ಬರುತ್ತದಲ್ಲ, ಅದರ ಕೈಪಿಡಿಯ ಕನ್ನಡ ಕರಡಿನಲ್ಲಿ ಮೂರು ವಾಕ್ಯ ತೊಡಕಾಗಿವೆ. ‘ಹ್ಯಾಂಡ್‌ಸೆಟ್ಟನ್ನು ನಿಮ್ಮ ಹ್ಯಾಂಡ್‌ಸೆಟ್ಟಿಗೆ ಜೋಡಿಸಿ’ ಎಂಬುದು ಒಂದು. ಇನ್ನೊಂದು ಕಡೆ ‘ಹಳೆಯ ಕರಗ್ರಾಹಕ’ ಎಂದಿದೆ. ಕೊನೆಯಲ್ಲಿ, ‘ಮಾತು ಮುಗಿದ ಮೇಲೆ ಕೆಳಗಿಡಿ’. ಬಳಕೆಯ ಮಾತು ಯಾವುದು, ತಿಳಿದವರು ಹೇಳಿ.

ಉತ್ತರ:

ಮೊದಲ ವಾಕ್ಯದ ಗೊಂದಲ ಅನುವಾದಕರದಲ್ಲ. ‘ಹ್ಯಾಂಡ್‌ಸೆಟ್’ ಎಂದರೆ ಮೊಬೈಲ್ ಫೋನೇ ಎಂದು ನಮ್ಮ ಪತ್ರಿಕೆಗಳು ರೂಢಿ ಮಾಡಿಬಿಟ್ಟಿವೆ. ಕಿವಿಗೂ ಬಾಯಿಗೂ ಹಿಡಿಯುವುದಕ್ಕೆ ಜನ ಹೇಳುವುದು ರಿಸೀವರ್. ತಂತ್ರಜ್ಞರ ಲೆಕ್ಕದಲ್ಲಿ ಕಿವಿ ಕಡೆಯ ಬಿಲ್ಲೆ ಮಾತ್ರ ರಿಸೀವರ್, ಬಾಯಿ ಕಡೆಯದು ಟ್ರಾನ್ಸ್‌ಮಿಟರ್. ಆ ಮಡಿ ಇಲ್ಲಿ ಬೇಡ. ‘ರಿಸೀವರಿನ ಪಿನ್ನನ್ನು ಮೊಬೈಲಿಗೆ ಸಿಕ್ಕಿಸಿ’ ಎಂದರೆ ಸಾಕು. ಕರಗ್ರಾಹಕವನ್ನು ಈವರೆಗೆ ಯಾವ ಕರವೂ ಗ್ರಹಿಸಿದಂತಿಲ್ಲ, ಬಿಡಿ.

‘ಹಳೆಯ’ ಬೇಡ, ‘ಹಳೇ ಮಾದರಿಯ’ ಆಗಲೇಬೇಕು. ನಿಜಕ್ಕೂ ಹಳೆಯದನ್ನು ಸಿಕ್ಕಿಸಿದರೆ ಕೆಲಸವಾಗುವುದಿಲ್ಲ. 1948ರಲ್ಲಿ ಶುರುವಾದ ಬೆಂಗಳೂರಿನ ಐಟಿಐ ಟೆಲಿಫೋನ್ ಕಾರ್ಖಾನೆಯ (ದೂರವಾಣಿನಗರಕ್ಕೆ ಆ ಹೆಸರು ಬಂದದ್ದೇ ಅದರಿಂದ) ಡಯಲ್ ಫೋನಿನ ರಿಸೀವರಿಗೆ ಪಿನ್ ಬೆಸೆದರೆ ಕಿವಿಗೆ ಕೇಳಿಸೀತು, ನಮ್ಮ ಮಾತು ಆಚೆ ಹೋಗದು. ಅದರ ಮೈಕಿನಲ್ಲಿರುವುದು ಇದ್ದಿಲಿನ ಹರಳು. ಅದಕ್ಕೆ ಹತ್ತಾರು ಮಿಲಿಆಂಪ್ ಕರೆಂಟ್ ಬೇಕು, ಎಕ್ಸ್‌ಚೇಂಜು 48 ವೋಲ್ಟಿನಲ್ಲಿ ಅದನ್ನು ಕೊಡುತ್ತಿತ್ತು. ಮೊಬೈಲಿನ ಮೈಕ್ ತಂತಿಯಲ್ಲಿ ಬರುವುದು 2 ವೋಲ್ಟ್ ಆಸುಪಾಸು, ಕರೆಂಟು ಹೆಚ್ಚೆಂದರೆ ಒಂದೆರಡು ಮಿಲಿಆಂಪ್. ಇದ್ದಿಲ ಬಿಲ್ಲೆ ತೆಗೆದು ಚಿಕ್ಕ ‘ಕಂಡೆನ್ಸರ್ ಮೈಕ್’ ಕೂರಿಸಬೇಕು. ಅಂಗಡಿಯಲ್ಲಿ ಈ ಹೆಸರಿನಿಂದಲೇ ಕೇಳಿ. ಅದರ ಬೆನ್ನಿಗಿರುವ ಎರಡು ಬೆಸುಗೆ ಚುಕ್ಕೆಗಳಲ್ಲಿ ಒಂದರಿಂದ ಸಣ್ಣ ಗೆರೆಗಳು ಹೊರಟು ಲೋಹದ ಕವಚ ಮುಟ್ಟಿರುತ್ತವೆ. ಅದು ಗ್ರೌಂಡ್, ಅಂದರೆ ಕರೆಂಟು ಮರಳುವ ತುದಿ. ತಿರುಗಾಮುರುಗಾ ಬೆಸೆದರೆ ಮೈಕ್ ಸತ್ತಂತೆ.

ಇನ್ನು ‘ಇಡು’. ತಕರಾರಿರುವುದು ಇಲ್ಲೇ. ಮೊಬೈಲಿನಲ್ಲಿ ಮಾತಾಡುವಾಗಲೂ ‘ಸರಿ, ಇಡ್ತೀನಿ’ ಅನ್ನುತ್ತೇವೆ, ಇಡುವುದಕ್ಕೆ ತೊಟ್ಟಿಲೇ ಇಲ್ಲ. ಹಳೇ ಫೋನಿನಲ್ಲಿ ರಿಸೀವರಿನ ಭಾರಕ್ಕೆ ತೊಟ್ಟಿಲ ಗುಬುಟು ಒತ್ತಿ ಲೈನ್ ಕಡಿಯುತ್ತಿತ್ತು, ‘ಇಡು’ ಎಂಬ ಮಾತಿಗೆ ಕರೆ ಮುಗಿಸುವ ಅರ್ಥ ಅಂಟಿದ್ದು ಹಾಗೆ. ಮಾತಿನಲ್ಲಿ ಅದು ಇರಲಿ, ಕೈಪಿಡಿಯಲ್ಲಿ ಅಪಾಯ. ಈ ರಿಸೀವರಿಗೆ ಆ ಗುಬುಟಿಲ್ಲ. ಮೇಜಿನ ಮೇಲಿಟ್ಟರೆ ಲೈನ್ ಹಾಗೇ ತೆರೆದಿರುತ್ತದೆ, ಆಮೇಲೆ ಮನೆಯಲ್ಲಿ ಆಡಿದ್ದೆಲ್ಲ ಆ ಕಡೆಯವರಿಗೆ ಕೇಳಿಸುತ್ತದೆ. ಕರೆ ಮುಗಿಯುವುದು ಹಿಡಿಕೆಯ ಗುಂಡಿಯಿಂದ: ಒತ್ತಿದಾಗ ಮೈಕ್ ತಂತಿಯೂ ಗ್ರೌಂಡ್ ತಂತಿಯೂ ಕ್ಷಣಕಾಲ ಒಂದಾಗುತ್ತವೆ, ಮೊಬೈಲು ಅದನ್ನೇ ಸನ್ನೆ ಎಂದು ತಿಳಿಯುತ್ತದೆ. ಆದ್ದರಿಂದ ‘ಗುಂಡಿ ಒಂದು ಸಲ ಒತ್ತಿ ಕರೆ ಮುಗಿಸಿ, ನಂತರ ಕೆಳಗಿಡಿ’ ಎಂದಿರಲಿ. ‘ಕಡಿತಗೊಳಿಸಿ’ ಬೇಡ, ಬಿಲ್ ಕಟ್ಟದವರ ಮನೆಗೆ ಬಂದ ನೋಟಿಸಿನಂತಿದೆ.

ಮತ್ತೊಂದು ಉತ್ತರ:

ರಿಸೀವರ್, ಗುಂಡಿ ಎರಡಕ್ಕೂ ಒಪ್ಪಿಗೆ. ‘ಜಾಕ್’ ಪದ ಮಾತ್ರ ಕರಡಿನಲ್ಲಿ ಎರಡು ಅರ್ಥಕ್ಕೆ ಬಂದಿದೆಯೇ ನೋಡಿ. ತೂರಿಸುವುದು ಪಿನ್, ತೂರಿಸಿಕೊಳ್ಳುವ ತೂತು ಜಾಕ್ ಎಂದು ಬೇರೆ ಮಾಡಿಕೊಂಡರೆ ಹೀಗೆ ಬರೆಯಬಹುದು: ‘3.5 ಮಿ.ಮೀ. ಪಿನ್ನಿನ ಮೇಲೆ ಮೂರು ಕಪ್ಪು ಗೆರೆ ಇರಬೇಕು. ಎರಡೇ ಇದ್ದರೆ ಕೇಳಿಸುತ್ತದೆ, ಮೈಕ್ ಇರುವುದಿಲ್ಲ.’

ಮೂರು ಗೆರೆ ಇದ್ದೂ ದನಿ ಬಾವಿಯೊಳಗಿಂದ ಬಂದಂತಿದ್ದರೆ ಗುಂಡಿಯನ್ನು ಒತ್ತಿಹಿಡಿದು ನೋಡಲು ಹೇಳಿ. ಹಿಡಿದಿದ್ದಷ್ಟು ಹೊತ್ತು ದನಿ ನೆಟ್ಟಗಾದರೆ ಮೈಕ್, ಗ್ರೌಂಡ್ ಅದಲುಬದಲಾಗಿವೆ ಎಂದರ್ಥ. ಸಿಟಿಐಎ, ಒಎಂಟಿಪಿ ಎಂಬ ಎರಡು ಪದ್ಧತಿಗಳ ಜಗಳ ಅದು. ನಡುವೆ ಹಾಕುವ ಚಿಕ್ಕ ಅಡಾಪ್ಟರಿನಿಂದ ಸರಿಹೋಗುತ್ತದೆ. ಟೈಪ್-ಸಿ ತೂತು ಮಾತ್ರ ಇರುವ ಫೋನಿಗೆ ಒಳಗೆ ಡಿಎಸಿ ಚಿಪ್ (ಡಿಜಿಟಲ್ ಸಂಕೇತವನ್ನು ಕಿವಿಗೆ ಕೇಳಿಸುವ ದನಿಯ ಸಂಕೇತವಾಗಿ ಬದಲಿಸುವುದು) ಇರುವ ಅಡಾಪ್ಟರನ್ನೇ ಸೂಚಿಸಿ. ಬರೀ ತಂತಿ ಜೋಡಿಸಿದ ಅಗ್ಗದ್ದು ಬಹಳಷ್ಟು ಫೋನುಗಳಲ್ಲಿ ಉಸಿರೆತ್ತುವುದಿಲ್ಲ.