ಪಾಠದೊಳಗೆ ಬೈಬಲಿನ ದೃಷ್ಟಿ: ‘ಇಂಟಿಗ್ರೇಷನ್’ ಎಂಬುದಕ್ಕೆ ಯಾವ ಪದ?

ಮಾನ್ಯರೆ,

ಬೆಂಗಳೂರಿನ ಒಂದು ಕ್ರೈಸ್ತ ಶಾಲೆಯ ಕನ್ನಡ ಮಾಧ್ಯಮದ ಶಿಕ್ಷಕರಿಗೆಂದು ತರಬೇತಿ ಕೈಪಿಡಿಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಪುಟಪುಟಕ್ಕೂ ಬರುವ ‘ಬಿಬ್ಲಿಕಲ್ ವರ್ಲ್ಡ್‌ವ್ಯೂ’ (ಬೈಬಲಿನ ಕಣ್ಣಿನಿಂದ ಜಗತ್ತನ್ನು ನೋಡುವ ಬಗೆ) ಮತ್ತು ‘ಇಂಟಿಗ್ರೇಷನ್’ (ಆ ನೋಟವನ್ನು ಪಾಠದೊಡನೆ ಒಂದಾಗಿಸುವುದು) ಎಂಬ ಎರಡು ಮಾತುಗಳ ಬಗ್ಗೆ ತಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ.

ಗ್ರಂಥದ ಹೆಸರಿನ ವಿಷಯ ಬೇಗ ಮುಗಿಯಿತು. ಪ್ರಾಟೆಸ್ಟೆಂಟ್ ಸಭೆಗಳಲ್ಲಿ (ಚರ್ಚುಗಳಲ್ಲಿ) ‘ಸತ್ಯವೇದ’ ಎಂಬುದು ರೂಢಿ, ಕಥೋಲಿಕರಲ್ಲಿ ‘ಪವಿತ್ರ ಬೈಬಲ್’. ಒಬ್ಬರ ‘ಸುವಾರ್ತೆ’ ಇನ್ನೊಬ್ಬರಿಗೆ ‘ಶುಭಸಂದೇಶ’. ಶಾಲೆಯಲ್ಲಿ ಎರಡೂ ಕಡೆಯವರು ಇರುವುದರಿಂದ ‘ಬೈಬಲ್’ ಎಂದೇ ಉಳಿಸಿಕೊಂಡಿದ್ದೇನೆ.

‘ವರ್ಲ್ಡ್‌ವ್ಯೂ’ ಅಷ್ಟು ಸುಲಭವಾಗಿಲ್ಲ. ವಿಮರ್ಶೆಯ ಬರಹಗಳಲ್ಲಿ ‘ಲೋಕದೃಷ್ಟಿ’ ಎಂಬ ಪದ ಚೆನ್ನಾಗಿಯೇ ನೆಲೆಯೂರಿದೆ. ಆದರೆ ಸಭೆಯ ಕನ್ನಡದಲ್ಲಿ ‘ಲೋಕ’ ಎಂದರೆ ಬಹುಮಟ್ಟಿಗೆ ದೇವರಿಗೆ ವಿಮುಖವಾದ ಬದುಕು. ‘ಲೋಕದವರಂತೆ ನಡೆಯಬೇಡಿ’ ಎಂಬ ಎಚ್ಚರಿಕೆಯನ್ನು ಕೇಳುತ್ತ ಬೆಳೆದವರು ಸಭೆಯವರು. ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದ ಆರಂಭದಲ್ಲಿಯೂ ಲೋಕದ ರೀತಿಯನ್ನು ಅನುಸರಿಸಬಾರದೆಂಬ ಮಾತೇ ಇದೆ. ಹೀಗಿರುವಾಗ ‘ಬೈಬಲಿನ ಲೋಕದೃಷ್ಟಿ’ ಎಂದರೆ ಅವರ ಕಿವಿಗೆ ಅದು ತನ್ನೊಳಗೇ ಜಗಳವಾಡುವ ಮಾತಾಗಿ ಕೇಳಿಸುತ್ತದೆ. ‘ದರ್ಶನ’ ಎನ್ನೋಣವೆಂದರೆ ಪ್ರವಾದಿಗಳು ಕಂಡ ದರ್ಶನಗಳು ಅಡ್ಡ ಬರುತ್ತವೆ (ನಮ್ಮ ಊರಿನಲ್ಲಂತೂ ‘ದರ್ಶಿನಿ’ ಹೋಟೆಲುಗಳಿಂದಾಗಿ ಆ ಪದಕ್ಕೆ ಇಡ್ಲಿ-ವಡೆಯ ಪರಿಮಳವೂ ಅಂಟಿಕೊಂಡಿದೆ). ಸದ್ಯಕ್ಕೆ ‘ಬೈಬಲಿನ ದೃಷ್ಟಿ’ ಎಂದಷ್ಟೇ ಬರೆದಿದ್ದೇನೆ.

ನನ್ನ ಮುಖ್ಯ ಪ್ರಶ್ನೆ ‘ಇಂಟಿಗ್ರೇಷನ್’ ಕುರಿತದ್ದು. ಅದರ ಲ್ಯಾಟಿನ್ ಮೂಲಕ್ಕೆ ಇಡಿಯಾಗಿಸು, ಅಖಂಡವಾಗಿಸು ಎಂಬ ಅರ್ಥವಿದೆ. ಗಣಿತದವರು ಇದೇ ಪದಕ್ಕೆ ‘ಅನುಕಲನ’ ಎನ್ನುತ್ತಾರೆ, ರಾಷ್ಟ್ರದ ಸಂದರ್ಭದಲ್ಲಿ ‘ಭಾವೈಕ್ಯ’ ಬಳಕೆಯಲ್ಲಿದೆ, ‘ಏಕೀಕರಣ’ ಎಂದೊಡನೆ ಕನ್ನಡಿಗರಿಗೆ 1956 ನೆನಪಾಗುತ್ತದೆ. ‘ಸಮನ್ವಯ’ಕ್ಕೆ ವೇದಾಂತದ ಬಣ್ಣವಿದೆ, ಅಲ್ಲದೆ ಅದು ಬೇರೆಬೇರೆಯಾಗಿ ನಿಂತಿರುವ ಎರಡನ್ನು ಹೊಂದಿಸುವ ಕೆಲಸವನ್ನು ಸೂಚಿಸುತ್ತದೆ. ‘ಅಳವಡಿಕೆ’ ಎಂದರೆ ಹೊರಗಿನದನ್ನು ತಂದು ಕೂಡಿಸಿದ ಹಾಗೆ.

ಕೈಪಿಡಿ ಕೇಳುವುದು ಇದನ್ನಲ್ಲ ಎಂಬುದು ನನ್ನ ಗ್ರಹಿಕೆ. ಲಾಭ-ನಷ್ಟದ ಲೆಕ್ಕ ಮುಗಿದ ಮೇಲೆ ಕಪ್ಪುಹಲಗೆಯ ಮೂಲೆಯಲ್ಲಿ ಬೈಬಲಿನ ಒಂದು ವಚನ ಬರೆದರೆ ಅದು ಬಟ್ಟೆಗೆ ಹಚ್ಚಿದ ಅಂಚು ಮಾತ್ರ. ಸರಳ ಬಡ್ಡಿಯ ಲೆಕ್ಕ ಮಾಡಿಸುತ್ತಿರುವಾಗಲೇ, ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ತೆಗೆದುಕೊಳ್ಳಬಾರದೆಂದು ಬೈಬಲಿನ ವಿಮೋಚನಕಾಂಡದ 22ನೆಯ ಅಧ್ಯಾಯ ಹೇಳುವುದೇಕೆ, ಸಾಲಗಾರನ ಕಡೆಯಿಂದ ನೋಡಿದರೆ ಇದೇ ಲೆಕ್ಕ ಹೇಗೆ ಕಾಣುತ್ತದೆ ಎಂದು ಮಕ್ಕಳನ್ನು ಕೇಳಿದರೆ, ಅಲ್ಲಿ ಗಣಿತವೂ ಕೆಡುವುದಿಲ್ಲ, ವಚನವೂ ಅಲಂಕಾರವಾಗುವುದಿಲ್ಲ. ಇದಕ್ಕೆ ಕನ್ನಡದಲ್ಲಿ ಸಿದ್ಧವಾಗಿಯೇ ಇರುವ ಮಾತು ‘ಹಾಸುಹೊಕ್ಕು’. ಮಗ್ಗದಲ್ಲಿ ಮೊದಲು ಉದ್ದಕ್ಕೆ ಬಿಗಿಯುವ ನೂಲು ಹಾಸು, ಲಾಳಿಯೊಡನೆ ಅಡ್ಡಲಾಗಿ ಓಡಾಡುವುದು ಹೊಕ್ಕು. ಎರಡರಲ್ಲಿ ಒಂದನ್ನು ಎಳೆದು ತೆಗೆದರೆ ಬಟ್ಟೆಯೇ ಇಲ್ಲ.

ತೊಡಕಿರುವುದು ವ್ಯಾಕರಣದಲ್ಲಿ. ‘ಹಾಸುಹೊಕ್ಕಾಗಿದೆ’ ಎಂದು ಸ್ಥಿತಿಯನ್ನು ಹೇಳುತ್ತೇವೆಯೇ ಹೊರತು ‘ಹಾಸುಹೊಕ್ಕಾಗಿಸು’ ಎಂದು ಒಬ್ಬರು ಮಾಡುವ ಕ್ರಿಯೆಯಾಗಿ ಬಳಸಿದ್ದನ್ನು ನಾನು ಅಷ್ಟಾಗಿ ಕಂಡಿಲ್ಲ. ಶೀರ್ಷಿಕೆಗೆ ನಾಮಪದವೂ ಬೇಕು. ‘ಹಾಸುಹೊಕ್ಕುವಿಕೆ’ ಎಂಬುದು ನಾಲಿಗೆಗೆ ಒಗ್ಗುತ್ತಿಲ್ಲ. ‘ಹೆಣಿಗೆ’ ಎನ್ನಬಹುದೇನೋ, ಆದರೆ ಅದರಲ್ಲಿ ಮಗ್ಗದ ಬಿಗಿತವಿಲ್ಲ.

ಇನ್ನೊಂದು ಎಚ್ಚರವೂ ಬೇಕಾಗಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಮಗುವನ್ನು ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲವೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಈ ಶಾಲೆಯಲ್ಲಿ ಬೇರೆ ಧರ್ಮಗಳ ಮಕ್ಕಳೂ ಇದ್ದಾರೆ. ಆದ್ದರಿಂದ ‘ಬೋಧನೆ’, ‘ಉಪದೇಶ’ ಎಂಬ ಪದಗಳನ್ನು ಕೈಪಿಡಿಯ ಈ ಅಧ್ಯಾಯದಲ್ಲಿ ಬೇಕೆಂದೇ ತಪ್ಪಿಸಿದ್ದೇನೆ.

‘ಹಾಸುಹೊಕ್ಕಾಗಿಸು’ ಎಂಬ ರೂಪವನ್ನು ಅಚ್ಚಿನಲ್ಲಿ ಕಂಡವರು ಯಾರಾದರೂ ಇದ್ದೀರಾ? ನೇಯ್ಗೆಯ ಮನೆತನಗಳಲ್ಲಿ ಹಾಸಿನೊಳಕ್ಕೆ ಹೊಕ್ಕನ್ನು ಸೇರಿಸುವ ಆ ಕ್ರಿಯೆಗೇ ಬೇರೆ ಹೆಸರೇನಾದರೂ ಬಳಕೆಯಲ್ಲಿದ್ದರೆ ತಿಳಿಸಬೇಕಾಗಿ ವಿನಂತಿ.